ಅಳಿಯದ ಶಾಯಿ

ಮಣಿನಗರದ ಕನ್ನಡ ಬಾಂಧವರೇ,

ದೀಪಾವಳಿಗೆ ಲೆಕ್ಕದ ಪುಸ್ತಕಗಳನ್ನು ಪೂಜಿಸುವ ನಾಡಿದು. ಆದರೆ ಅವುಗಳಲ್ಲಿ ಎಂಥ ಶಾಯಿಯಿಂದ ಬರೆಯಬೇಕೆಂದು ಕೇಳುವವರು ಕಡಿಮೆ. ನಾವೂ ಕೇಳಿರಲಿಲ್ಲ. ಕೂಲಿಯವನೊಬ್ಬನ ಮುಂಗಡದ ಚೀಟಿಯಲ್ಲಿ ನಾವು ಬರೆದ 200 ಯಾರದೋ ಒದ್ದೆ ಬಟ್ಟೆಗೆ ಅಳಿದು 800 ಆಯಿತು. ಅಷ್ಟೂ ಹಣ ಅವನ ಸಂಬಳದಲ್ಲಿ ಕಡಿತವಾಯಿತು. ಬರೆದವರು ನಾವೇ, ಆದರೂ ತೋರಿಸಲು ಗುರುತಿಲ್ಲ. ಅದು ತೊಳೆದರೆ ಹೋಗುವ ನೀಲಿ ಶಾಯಿ.

ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದರು. ಕಾಯಿಯ ಒಗರೂ ಅನ್ನಭೇದಿಯ ಕಬ್ಬಿಣವೂ ಕೂಡಿ, ಗಾಳಿ ತಾಗಿದಂತೆ ಕಾಗದದ ನಾರಿನಲ್ಲೇ ಕಪ್ಪಾಗಿ ಕೂರುತ್ತವೆ. ಹಳೆಯ ಪದ್ಧತಿಯ ಬ್ಲೂ-ಬ್ಲ್ಯಾಕ್ ಶಾಯಿಯೂ ಹೀಗೆಯೇ: ಬರೆಯುವಾಗ ಕಾಣುವ ನೀಲಿ ಬರಿಯ ಬಣ್ಣ, ಕಪ್ಪು ಆಮೇಲಿನದು. ನೀರಿಗೆ ಅದು ಜಗ್ಗದು. ಬ್ಲೀಚಿಂಗ್ ಪುಡಿಯ ನೀರು ಹಚ್ಚಿದರೆ ನೀಲಿ ಹೋದೀತು, ಕಬ್ಬಿಣದ ಕಂದು ಕಲೆ ಉಳಿದು ಕಳ್ಳತನವನ್ನು ಹೇಳುತ್ತದೆ. ಆಕ್ಸಾಲಿಕ್ ಆಮ್ಲಕ್ಕೆ ಮಾತ್ರ ಅದೂ ಸೋಲುತ್ತದೆ. ಆದ್ದರಿಂದ ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ.

(1962ರ ಚುನಾವಣೆಯಿಂದ ಬೆರಳಿಗೆ ಹಚ್ಚುವ ನಮ್ಮ ಮೈಸೂರಿನ ಶಾಯಿಯ ಗುಟ್ಟು ಬೇರೆ, ಅದು ಬೆಳ್ಳಿಯ ಲವಣದ್ದು.)

ಶೀಸೆಯ ಮೇಲೆ ‘ಪರ್ಮನೆಂಟ್’ ಎಂದಿದ್ದ ಮಾತ್ರಕ್ಕೆ ನಂಬಬೇಡಿ. ವಾಚನಾಲಯದ ಮೇಜಿನ ಮೇಲೆ ಬಟ್ಟಲಲ್ಲಿ ನೀರಿಟ್ಟಿದ್ದೇವೆ. ಮನೆಯಲ್ಲಿ ನಿಮ್ಮ ಪೆನ್ನಿನಿಂದ ಒಂದು ಸಾಲು ಬರೆದು, ಒಂದು ದಿನ ಒಣಗಿಸಿ, ತಂದು ಅದ್ದಿ ನೋಡಿ.