ಏಳು ಅಳಿವೆಯ ನೀರು ಕುಡಿದವರು

ಕಾರವಾರದ ಕೋಡಿಬಾಗದ ಕಡೆ ಕಾಂಡ್ಲಾ ಗಿಡಗಳ ನಡುವೆ ಈಗ ಆಗಾಗ ಹಳದಿ, ಕೇಸರಿ ಬಣ್ಣದ ಕಯಾಕ್‌ಗಳು ಕಾಣುತ್ತವೆ. ಭರತಿ ಏರಿ ನೀರು ನಿಂತ ಹೊತ್ತಿನಲ್ಲಿ ಕಯಾಕಿನೊಳಗೆ ಕುಳಿತು ಹುಟ್ಟು ಹಾಕುವುದನ್ನು ಯಾರು ಬೇಕಾದರೂ ಬೇಗ ಕಲಿತುಬಿಡಬಹುದು. ಅದೇ ಕಯಾಕ್ ಅಳಿವೆ ದಾಟಿ ಕೂರ್ಮಗಡ ದ್ವೀಪದತ್ತ ಮುಖ ಮಾಡಿತೋ, ಲೆಕ್ಕವೇ ಬೇರೆ. ಇಳಿತದಲ್ಲಿ ಕಾಳಿ ನದಿಯ ನೀರು ಕಡಲಿಗೆ ಓಡುತ್ತಿರುತ್ತದೆ, ಮಧ್ಯಾಹ್ನದ ಪಡುಗಾಳಿ ಎದುರಿಂದ ಬೀಸುತ್ತದೆ. ಎರಡೂ ಮುಖಾಮುಖಿಯಾದಲ್ಲಿ ತೆರೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಅಲ್ಲಿಗೆ ಇನ್ನೊಬ್ಬರನ್ನು ಕರೆದೊಯ್ಯಲು ಯಾರು ಅರ್ಹರು? ಉನ್ನತ ಹಂತದ ಕಯಾಕ್ ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಪರೀಕ್ಷೆಗೆ ಮೊದಲೇ ಕೇಳುವುದು ಅನುಭವದ ದಾಖಲೆಯನ್ನು. ಆ ಪದ್ಧತಿ ಬೆಳೆದು ಬಂದ ಬಗೆಯನ್ನು ಇವತ್ತು ನೋಡೋಣ.

ನಮ್ಮ ಕಡೆ ಈ ದಾಖಲೆ ಕಾಗದದ ಮೇಲೆ ಇರಲಿಲ್ಲ. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗರ ಮನೆಯ ಹುಡುಗ ಮೊದಲು ದೋಣಿಯೊಳಗಿನ ನೀರು ಗೋರಿ ಹಾಕಬೇಕು, ಬಲೆ ಎಳೆಯಬೇಕು, ಆಮೇಲೆ ಹುಟ್ಟು, ಚುಕ್ಕಾಣಿ ಕೈಗೆ ಬರುವುದು ಎಷ್ಟೋ ಮಳೆಗಾಲ ಕಳೆದ ಮೇಲೆ. ತಾಂಡೇಲನಾಗಲು, ಅಂದರೆ ದೋಣಿಯ ಮುಂದಾಳಾಗಲು, ಅರ್ಜಿ ಹಾಕುವವರಿಲ್ಲ. ಉಳಿದವರು ನಂಬಿ ಅವನ ದೋಣಿ ಹತ್ತಿದರೆ ಅವನು ತಾಂಡೇಲ, ಅಷ್ಟೇ. 1880ರ ದಶಕದಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ, ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲ್ಭಾಗಕ್ಕೆ ಹೋಗಿ ಇಳಿತದ ಜೊತೆ ಮರಳಿದ್ದನ್ನು ನೆನಪಿನ ಪುಟಗಳಲ್ಲಿ ಬರೆದಿದ್ದಾರೆ. ದೋಣಿ ನಡೆಸಿದವನ ಹತ್ತಿರ ಯಾವ ಪತ್ರ ಇದೆ ಎಂದು ನ್ಯಾಯಾಧೀಶರ ಮನೆಯವರೂ ಕೇಳಿರಲಾರರು!

ಕಾಗದ ಬಂದದ್ದು ದೊಡ್ಡ ಹಡಗುಗಳಿಂದ. ವಿದೇಶಕ್ಕೆ ಹೋಗುವ ಹಡಗಿನ ಕಪ್ತಾನರಿಗೆ ಅರ್ಹತಾ ಪತ್ರ ಕಡ್ಡಾಯ ಎಂದು ಬ್ರಿಟನ್ 1850ರಲ್ಲಿ ಕಾಯ್ದೆ ಮಾಡಿತು. ಆ ಕಾಯ್ದೆಯ ಒಂದು ಜಾಣತನ ನನಗೆ ಬಹಳ ಹಿಡಿಸುತ್ತದೆ. ಹೊಸಬರಿಗೆ ಪರೀಕ್ಷೆ, ಆದರೆ ಅದಾಗಲೇ ಆ ಹುದ್ದೆಯಲ್ಲಿ ಕಡಲು ಕಂಡವರಿಗೆ ಪರೀಕ್ಷೆಯಿಲ್ಲದೆ ಸೇವಾ ಪತ್ರ. ನಮ್ಮ 1917ರ ಒಳನಾಡು ಹಡಗು ಕಾಯ್ದೆಯಲ್ಲೂ ಹಡಗು ನಡೆಸುವ ಸಾರಂಗರಿಗೆ, ಎಂಜಿನ್ ಚಾಲಕರಿಗೆ ಇಂಥ ಪತ್ರಗಳ ಏರ್ಪಾಡು ಬಂತು. ಯಂತ್ರವಿಲ್ಲದ ದೋಣಿ ಮಾತ್ರ ಅದರ ಹೊರಗೇ ಉಳಿಯಿತು.

ಕಯಾಕ್ ಮೂಲತಃ ಗ್ರೀನ್‌ಲ್ಯಾಂಡ್ ಮುಂತಾದ ಹಿಮಪ್ರದೇಶಗಳ ಇನ್ಯೂಟ್ ಬೇಟೆಗಾರರದು. ಸೀಲ್ ಚರ್ಮ ಹೊದಿಸಿದ ಹಗುರ ದೋಣಿ ಅದು. ಮಗುಚಿದರೆ ಹೊರಗೆ ಬೀಳದೆ, ಸೊಂಟ ತಿರುಗಿಸಿ ಹುಟ್ಟು ಬೀಸಿ ಮತ್ತೆ ಮೇಲೇಳುವ ವಿದ್ಯೆ ಅವರಿಗೆ ಅನ್ನದ ವಿದ್ಯೆ. ಸ್ಕಾಟ್ಲೆಂಡ್ ಮೂಲದ ಜಾನ್ ಮ್ಯಾಕ್‌ಗ್ರೆಗರ್ 1865ರಲ್ಲಿ ಯುರೋಪಿನ ನದಿಗಳಲ್ಲಿ ಸುತ್ತಾಡಿ ಕಯಾಕನ್ನು ವಿಹಾರದ ದೋಣಿಯಾಗಿಸಿದ. ಮರುವರ್ಷ ಲಂಡನ್ನಿನಲ್ಲಿ ಕನೂ ಕ್ಲಬ್ ಹುಟ್ಟಿತು, 1880ರಲ್ಲಿ ಅಮೆರಿಕದ ಸಂಘ, 1936ರಲ್ಲಿ ಬ್ರಿಟಿಷ್ ಕನೂ ಯೂನಿಯನ್. ಒಂದು ನಕ್ಷತ್ರದಿಂದ ಐದು ನಕ್ಷತ್ರದವರೆಗಿನ ಶ್ರೇಣಿಗಳನ್ನು ಪ್ರಸಿದ್ಧಗೊಳಿಸಿದ್ದು ಈ ಯೂನಿಯನ್ನೇ.

ಶ್ರೇಣಿ ಏಕೆ ಬೇಕಾಯಿತು? ಇಬ್ಬರ ಕತೆ ಕೇಳಿ. ಗಿನೋ ವಾಟ್ಕಿನ್ಸ್ ಎಂಬ ಇಂಗ್ಲಿಷ್ ತರುಣ ಗ್ರೀನ್‌ಲ್ಯಾಂಡಿಗೇ ಹೋಗಿ ಬೇಟೆಗಾರರಿಂದ ಮಗುಚಿ ಏಳುವ ವಿದ್ಯೆ ಕಲಿತ. 1932ರ ಆಗಸ್ಟಿನಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದವನು ಮರಳಲಿಲ್ಲ. ಆಗ ಅವನಿಗೆ 25 ವರ್ಷ. ಅದೇ ವರ್ಷ ಜರ್ಮನಿಯ ಆಸ್ಕರ್ ಸ್ಪೆಕ್ ಮಡಚುವ ಕಯಾಕಿನಲ್ಲಿ ಉಲ್ಮ್ ಪಟ್ಟಣದಿಂದ ಹೊರಟು, ನಮ್ಮ ಪಡುವಣ ಕಡಲಂಚಿನಲ್ಲೇ ಸಾಗಿ 1935ರಲ್ಲಿ ಸಿಲೋನ್ ಮುಟ್ಟಿ, 1939ರಲ್ಲಿ ಆಸ್ಟ್ರೇಲಿಯಾ ತಲುಪಿದ. ಅವನಿಗೆ ಈಜು ಬರುತ್ತಿರಲಿಲ್ಲ ಎನ್ನುತ್ತಾರೆ! ಇಂಥ ಲೋಕದಲ್ಲಿ ಬರೀ ಒಂದು ಕೌಶಲ ನೋಡಿ ಪ್ರಮಾಣಪತ್ರ ಬರೆಯುವುದು ಹೇಗೆ?

ಅಂತಿಮವಾಗಿ ಕಾನೂನು ಎಚ್ಚೆತ್ತದ್ದು ಸಾವಿನಿಂದ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಎಂಟು ವಿದ್ಯಾರ್ಥಿಗಳನ್ನು, ಒಬ್ಬ ಶಿಕ್ಷಕರನ್ನು ಇಬ್ಬರು ಬೋಧಕರು ಕಯಾಕಿನಲ್ಲಿ ಕರೆದೊಯ್ದರು. ಬೋಧಕರ ಅರ್ಹತೆ ತೀರಾ ಕೆಳಹಂತದ್ದು. ದಡದಿಂದ ಬೀಸಿದ ಗಾಳಿ ಗುಂಪನ್ನು ಆಳ ಕಡಲಿಗೆ ತಳ್ಳಿತು, ದೋಣಿಗಳಿಗೆ ನೀರು ತುಂಬಿತು, ಆಪತ್ತಿನ ಸಂಕೇತ ಕೊಡುವ ಸಾಧನವೂ ಇರಲಿಲ್ಲ. ನಾಲ್ವರು ಮಕ್ಕಳು ಸತ್ತರು. ಅವರನ್ನು ಕರೆದೊಯ್ದ ಸಾಹಸ ಕೇಂದ್ರದ ಆಡಳಿತ ನಿರ್ದೇಶಕ ಜೈಲಿಗೆ ಹೋದ. 1995ರಲ್ಲಿ ಸಾಹಸ ಕೇಂದ್ರಗಳಿಗೆ ಪರವಾನಗಿಯ ಕಾಯ್ದೆ ಬಂತು.

ಈಗ ಉನ್ನತ ಹಂತಕ್ಕೆ ಹೋಗುವವನು ಯಾನದ ದಿನಚರಿ ಇಡಬೇಕು. ಒಂದು ಸಾಲು ಹೀಗಿರುತ್ತದೆ: ತಾರೀಕು, ಜಾಗ, ಗಾಳಿಯ ಬಲ, ಭರತಿಯೋ ಇಳಿತವೋ, ತೆರೆಯ ಎತ್ತರ, ಜೊತೆಗಿದ್ದವರು, ನಾನು ಮುಂದಾಳೋ ಹಿಂಬಾಲಕನೋ, ಏನಾಯಿತು. ಬೋಫರ್ಟ್ ಮಾಪಕದ ನಾಲ್ಕನೆಯ ಬಲ, ಅಂದರೆ ಗಂಟೆಗೆ 20ರಿಂದ 28 ಕಿಲೋಮೀಟರ್ ಗಾಳಿ, ಬ್ರಿಟಿಷ್ ಪದ್ಧತಿಯಲ್ಲಿ ಮಧ್ಯಮ ಹಂತದ ಎಲ್ಲೆ. ಅದರಾಚೆಗಿನ ಕಡಲನ್ನು ಕಂಡಿರಬೇಕು. ಒಂದೇ ಕೆರೆಯಲ್ಲಿ ನೂರು ಸಲ ಸುತ್ತಿದರೆ ಅನುಭವ ಬೆಳೆಯುವುದಿಲ್ಲ. ಬೇರೆಬೇರೆ ನೀರು, ಬೇರೆಬೇರೆ ಹವೆ ಬೇಕು. ನನ್ನನ್ನು ಕೇಳಿದರೆ, ಹೋಗದೆ ಮರಳಿದ ದಿನಗಳನ್ನೂ ಅದರಲ್ಲಿ ಬರೆಸಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಗಂಗಾವಳಿ ನದಿಯ ಸೆಳೆತ ಕಂಡು ನೌಕಾಪಡೆಯ ನುರಿತ ಮುಳುಗುಗಾರರೂ ಹುಡುಕಾಟಕ್ಕಿಳಿಯಲು ದಿನಗಟ್ಟಲೆ ಕಾಯಬೇಕಾಯಿತು. ಹಾಗೆ ಕಾಯಲು ಬಲ್ಲವನು ಎಂದು ಒಂದು ದಿನದ ಪರೀಕ್ಷೆಯಲ್ಲಿ ತೋರಿಸುವುದು ಕಷ್ಟ.

ನಮ್ಮಲ್ಲಿ ಭಾರತೀಯ ಕಯಾಕಿಂಗ್ ಮತ್ತು ಕನೂಯಿಂಗ್ ಸಂಘ 1985ರದು, ಪಕ್ಕದ ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಸಂಘದ ಕಣ್ಣು ಹೆಚ್ಚಾಗಿ ಪಂದ್ಯಗಳ ಮೇಲೆ. ಆದರೆ ಕಡಲು ಕೇಳುವ ಬೆಲೆ ನಮ್ಮ ಜನಕ್ಕೆ ಗೊತ್ತಿಲ್ಲದ್ದೇನಲ್ಲ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ತೀರಿಕೊಂಡದ್ದನ್ನು ಕಾರವಾರ ಮರೆತಿಲ್ಲ.

ಹೀಗಿರುವಾಗ ಎಲ್ಲೋ ಜಲಾಶಯದಲ್ಲಿ ಕೆಲವು ದಿನ ಕಲಿತು ಪತ್ರ ತಂದವನು ಅಳಿವೆಯಲ್ಲಿ ಮಾರ್ಗದರ್ಶಿ, ಇಪ್ಪತ್ತು ವರ್ಷ ಅದೇ ಅಳಿವೆ ದಾಟಿದ ಮಾಜಾಳಿಯ ಮೀನುಗಾರನೋ ಹಾರವಾಡದವನೋ ದಡದಲ್ಲಿ ಕಯಾಕ್ ಎತ್ತಿಡುವ ಕೂಲಿ ಎಂದಾದರೆ ಅದು ತಲೆಕೆಳಗಿನ ಲೆಕ್ಕ. 1850ರ ಆ ಸೇವಾ ಪತ್ರವನ್ನು ಇಲ್ಲಿಗೆ ತರಬಹುದು: ಕಡಲಿಗೆ ಹೋದ ವರ್ಷಗಳನ್ನು ಹಿರಿಯ ತಾಂಡೇಲರಿಬ್ಬರು ಸಹಿ ಹಾಕಿ ದೃಢಪಡಿಸಲಿ, ಗಾಳಿ, ಸೆಳೆತ, ಬಂಡೆಗಳ ತಿಳಿವಳಿಕೆಯಲ್ಲಿ ಅವನಿಗೆ ಪರೀಕ್ಷೆ ಬೇಡ. ಆದರೆ ಮಗುಚಿದ ಕಯಾಕಿನಿಂದ ಹೊರಬರುವುದು, ನಡುನೀರಿನಲ್ಲಿ ಅಂಜಿದವನನ್ನು ಮತ್ತೆ ಅದರೊಳಗೆ ಕೂರಿಸುವುದು, ಪ್ರಥಮ ಚಿಕಿತ್ಸೆ, ಇವನ್ನು ಮೀನಿನ ದೋಣಿ ಕಲಿಸುವುದಿಲ್ಲ. ಅಷ್ಟಕ್ಕೆ ಅವನೂ ಪರೀಕ್ಷೆಗೆ ಕೂರಲೇಬೇಕು.