ಸೌದೆಯೂ ಊದುಗೊಳವೆಯೂ

ಸುಸ್ತಾದಾಗ ಯಲ್ದೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ನಾವು ಕೇಳುವುದು ‘ಶಕ್ತಿ ಮಾತ್ರೆ’. ಆದರೆ ಜೀವಸತ್ವದಲ್ಲಿ ಶಕ್ತಿಯಿಲ್ಲ. ಅದಿರುವುದು ನೀವು ಉಣ್ಣುವ ಮುದ್ದೆಯಲ್ಲಿ. ರಾಗಿಯ ಪಿಷ್ಟ ಗ್ಲೂಕೋಸಾಗಿ ಜೀವಕೋಶ ಸೇರುತ್ತದೆ. ಅಲ್ಲಿನ ಮೈಟೊಕಾಂಡ್ರಿಯವೆಂಬ ಒಲೆಯಲ್ಲಿ ಉರಿದು ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯ ಕೊಡುತ್ತದೆ. 1929ರಲ್ಲಿ ಎ.ಟಿ.ಪಿ.ಯನ್ನು ಗುರುತಿಸಿದವರಲ್ಲಿ ನೆರೆಯ ಆಂಧ್ರದ ಎಲ್ಲಾಪ್ರಗಡ ಸುಬ್ಬರಾವ್ ಒಬ್ಬರು.

ಮುದ್ದೆ ಸೌದೆಯಾದರೆ ಬಿ1 ಜೀವಸತ್ವ, ಅಂದರೆ ಥಯಮಿನ್, ಊದುಗೊಳವೆ. ಅದಿಲ್ಲದೆ ಉರಿ ಏಳದು. ಅದು ತೌಡಿನಲ್ಲಿದೆ, ನೀರಿನಲ್ಲಿ ಕರಗುತ್ತದೆ. ಪಾಲಿಶ್ ಅಕ್ಕಿಯನ್ನು ಹಲವು ಬಾರಿ ತೊಳೆದು ಗಂಜಿ ಬಸಿದರೆ ಉಳಿದದ್ದೂ ಮೋರಿಯ ಪಾಲು. ಇಡಿಯಾಗಿ ಬೀಸಿದ ರಾಗಿಹಿಟ್ಟಿನಲ್ಲಿ ಅದು ಉಳಿಯುತ್ತದೆ. ಸುಸ್ತು ಬಿಡದಿದ್ದರೆ ರಕ್ತಹೀನತೆಯೂ ಇರಬಹುದು. ಮಾತ್ರೆ ನುಂಗುವ ಮುನ್ನ ವೈದ್ಯರನ್ನು ಕಾಣಿರಿ.