ಕ್ಲಾಂಪಿನ ಎತ್ತರ ಮೊದಲು ಅಳೆಯೋಣ



ಇಂದಿನ ಸಂಕಿರಣದ ವಿಷಯ ಮೇಲ್ನೋಟಕ್ಕೆ ಸಣ್ಣದು. ಸಿಎನ್‌ಸಿ ಯಂತ್ರದಲ್ಲಿ ಟೂಲ್ ಒಂದು ರಂಧ್ರದಿಂದ ಇನ್ನೊಂದಕ್ಕೆ ಎಷ್ಟು ಎತ್ತರದಲ್ಲಿ ದಾಟಬೇಕು? ಚಿಕ್ಕಬಳ್ಳಾಪುರದಲ್ಲಿ ಓದಿ ಪೀಣ್ಯಕ್ಕೋ ದೊಡ್ಡಬಳ್ಳಾಪುರಕ್ಕೋ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳ ಕೈಯಲ್ಲಿ ಸ್ಪಿಂಡಲ್ ಉಳಿಯುವುದು ಈ ಒಂದು ಅಂಕಿ ಸರಿಯಾಗಿದ್ದರೆ ಮಾತ್ರ.

ರ್‍ಯಾಪಿಡ್ ವೇಗ ನಿಮಿಷಕ್ಕೆ 30 ಮೀಟರ್ ಎಂದರೆ ಸೆಕೆಂಡಿಗೆ 500 ಮಿ.ಮೀ. ಕಣ್ಣು ಕಂಡು ಕೈ ಬಟನ್ ಒತ್ತಲು ಕಾಲು ಸೆಕೆಂಡ್ ಹಿಡಿದರೆ ಟೂಲ್ ಅಷ್ಟರಲ್ಲೇ 125 ಮಿ.ಮೀ. ಸಾಗಿರುತ್ತದೆ. ಡಿಕ್ಕಿಯನ್ನು ಪ್ರೋಗ್ರಾಂನಲ್ಲೇ ತಡೆಯಬೇಕು, ಬೇರೆ ದಾರಿಯಿಲ್ಲ.

ಹಾಗೆಂದು ಎಲ್ಲ ಕಡೆ ಧಾರಾಳವಾಗಿ ಎತ್ತರ ಕೊಟ್ಟರೆ? ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಯಂತ್ರಕ್ಕೆ 40 ರಂಧ್ರಗಳ ಪ್ಲೇಟ್ ಮಾಡಬೇಕೆಂದುಕೊಳ್ಳಿ. ಫೀಡ್ ನಿಮಿಷಕ್ಕೆ 120 ಮಿ.ಮೀ. ಟೂಲ್ ರ್‍ಯಾಪಿಡ್ ಬಿಟ್ಟು ಫೀಡ್ ವೇಗಕ್ಕೆ ಬರುವ ಎತ್ತರವಾದ ಆರ್ ಪ್ಲೇನನ್ನು 2ರ ಬದಲು 5 ಮಿ.ಮೀ.ಗೆ ಇಟ್ಟರೆ ಪ್ರತಿ ರಂಧ್ರಕ್ಕೂ ಒಂದೂವರೆ ಸೆಕೆಂಡ್ ಗಾಳಿಯಲ್ಲೇ ಕಳೆಯುತ್ತದೆ. ಪ್ಲೇಟಿಗೆ ಒಂದು ನಿಮಿಷ, ನೂರು ಪ್ಲೇಟಿಗೆ ಒಂದೂ ಮುಕ್ಕಾಲು ಗಂಟೆಯ ಹತ್ತಿರ. ಆದರೆ ಮೇಲ್ಮೈ ಏರುಪೇರಿರುವ ಕಚ್ಚಾ ಎರಕಕ್ಕೆ ಅದೇ 2 ಮಿ.ಮೀ. ಅಪಾಯ.

ಜಿ99 ಹಾಕಿದರೆ ಟೂಲ್ ಆರ್ ಪ್ಲೇನ್‌ವರೆಗೆ ಮಾತ್ರ ಏರುತ್ತದೆ, ಜಿ98 ಹಾಕಿದರೆ ಮೊದಲಿದ್ದ ಎತ್ತರಕ್ಕೆ ಮರಳುತ್ತದೆ. ಇದನ್ನು ಎಲ್ಲರೂ ಕಲಿಸುತ್ತೇವೆ. ಆ ಮೊದಲಿನ ಎತ್ತರ 25 ಮಿ.ಮೀ. ಆಗಿದ್ದು ಕ್ಲಾಂಪಿನ ಬೋಲ್ಟ್ 32 ಮಿ.ಮೀ. ಎದ್ದು ನಿಂತಿದ್ದರೆ ಜಿ98 ಕೂಡ ಕಾಪಾಡದು. ಸಿಮ್ಯುಲೇಷನ್ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ, ಏಕೆಂದರೆ ನಾವು ಅದಕ್ಕೆ ಬೋಲ್ಟನ್ನು ತೋರಿಸಿಯೇ ಇಲ್ಲ.

ಟೂಲ್ ಉದ್ದದ ಆಫ್‌ಸೆಟ್ ಇನ್ನೂ ಅಪಾಯಕಾರಿ. ದಾಖಲಾದ ಉದ್ದಕ್ಕಿಂತ ನಿಜವಾದ ಟೂಲ್ 40 ಮಿ.ಮೀ. ಹೆಚ್ಚಿದ್ದರೆ, 25 ಮಿ.ಮೀ. ಮೇಲಿರಬೇಕಾದ ತುದಿ ಲೋಹದೊಳಗೆ 15 ಮಿ.ಮೀ. ಇಳಿಯಲು ಹೊರಟಿರುತ್ತದೆ. ಹೋಲ್ಡರ್ ಗೋಡೆಗೆ ತಾಗದಿರಲೆಂದು ಟೂಲನ್ನು ಹೊರಗೆಳೆದು ಹಿಡಿಯುವವರೂ ಇದ್ದಾರೆ. ಹೊರಚಾಚು ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತದೆ, ಅಳತೆಯೂ ಮೇಲ್ಮೈಯೂ ಕೆಡುತ್ತವೆ.

ಸಾಫ್ಟ್‌ವೇರ್ ತಾನಾಗಿ ತುಂಬಿದ ಅಂಕಿಗೆ ನಿಮ್ಮ ಟೇಬಲ್ಲಿನ ಮೇಲೆ ಏನಿದೆ ಎಂಬುದು ಗೊತ್ತಿಲ್ಲ. ಕ್ಲಿಯರೆನ್ಸ್ ಎಷ್ಟಿರಬೇಕೆಂಬುದು ಅಲ್ಲಿರುವ ಅತಿ ಎತ್ತರದ ವಸ್ತುವನ್ನು ಅಳೆದ ಮೇಲೆಯೇ ತೀರ್ಮಾನವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಲ್ಯಾಬ್ ರೆಕಾರ್ಡಿನಲ್ಲಿ ಪ್ರೋಗ್ರಾಂ ಬರೆಯುವ ಮೊದಲು ಕ್ಲಾಂಪಿನ ಎತ್ತರ, ಹೋಲ್ಡರಿನ ವ್ಯಾಸ, ಟೂಲಿನ ಹೊರಚಾಚು ಇವನ್ನು ವಿದ್ಯಾರ್ಥಿಯೇ ಅಳೆದು ಬರೆಯುವಂತೆ ಮಾಡಿ, ಅದಕ್ಕೆ ಅಂಕ ಕೊಡಿ. ಆ ಮೂರು ಅಳತೆ ಬರೆಯದವರಿಗೆ ಸೈಕಲ್ ಸ್ಟಾರ್ಟ್ ಒತ್ತಲು ಬಿಡಬೇಡಿ.